ನಟರಾಜ ಸರ್ವಿಸ್ಸಿಗೆ ಹೊರಡಿ, ಗೆಳೆಯರೇ!

ಬೆಳಗ್ಗೆ ಒಂಬತ್ತೂಕಾಲರ ಹೊತ್ತಿಗೆ ನಮ್ಮ ಯಾವುದೇ ಪಟ್ಟಣದ ಶಾಲೆಯ ಗೇಟಿನ ಮುಂದೆ ಹೋಗಿ ನಿಂತು ನೋಡಿ. ಮೂವರು ಕೂರುವ ಆಟೋದಿಂದ ಹತ್ತು ಹನ್ನೊಂದು ಮಕ್ಕಳು ಇಳಿಯುತ್ತಾರೆ. ಅವರ ಬ್ಯಾಗುಗಳು ಆಟೋದ ಪಕ್ಕೆಗೆ ನೇತುಬಿದ್ದು ಬಂದಿರುತ್ತವೆ. ಸ್ಕೂಟರಿನ ಮುಂದೆ ನಿಂತ ಯುಕೆಜಿ ತಮ್ಮ, ಹಿಂದೆ ಕೂತ ಆರನೇ ಕ್ಲಾಸಿನ ಅಕ್ಕ, ಇಬ್ಬರ ನಡುವೆ ಹೆಲ್ಮೆಟ್ಟಿಲ್ಲದ ಅಪ್ಪ. ಒಂದೇ ಒಂದು ಮಗುವನ್ನು ಇಳಿಸಲು ಬಂದು ಅರ್ಧ ರಸ್ತೆ ನುಂಗಿದ ಕಾರು. ಹಿಂದಿನ ವ್ಯಾನಿನವನು ಹಾರ್ನ್ ಮೇಲಿಂದ ಕೈ ತೆಗೆಯುವುದಿಲ್ಲ. ಈಗ ಆ ಮಕ್ಕಳನ್ನು ಮನೆ ಎಲ್ಲಿ ಎಂದು ಕೇಳಿ. ಒಬ್ಬಳು “ಇಲ್ಲೇ, ಗಣಪತಿ ದೇವಸ್ಥಾನದ ಹಿಂದೆ” ಎನ್ನುತ್ತಾಳೆ. ಇನ್ನೊಬ್ಬ “ನೀರಿನ ಟ್ಯಾಂಕ್ ಹತ್ರ” ಎನ್ನುತ್ತಾನೆ. ಮತ್ತೊಬ್ಬನದು ಮೂರನೇ ಕ್ರಾಸು. ಹೆಜ್ಜೆ ಹಾಕಿದರೆ ಹತ್ತು ಹದಿನೈದು ನಿಮಿಷದ ದಾರಿಗಳಿವು.

ಈ ಬರಹ ನಿಮಗಾಗಿ, ಐದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗಿನ ನನ್ನ ಎಳೆಯ ಗೆಳೆಯರಿಗಾಗಿ, ಗೆಳತಿಯರಿಗಾಗಿ. ಅಪ್ಪ ಅಮ್ಮ ಬೇಕಿದ್ದರೆ ನಿಮ್ಮ ಹೆಗಲ ಮೇಲಿಂದ ಇಣುಕಿ ಓದಿಕೊಳ್ಳಲಿ. ಹೇಳುವುದು ಒಂದೇ ಮಾತು: ಶಾಲೆಯ ದಾರಿ ನಿಮ್ಮದು. ಆದರೆ ಯಾರೋ ಹೊತ್ತುಕೊಂಡು ಹೋಗಿ ಬಿಡುತ್ತಿರುವವರೆಗೆ ಅದು ನಿಮ್ಮದಾಗುವುದಿಲ್ಲ. ನಡೆದವರಿಗೇ ಅದು ದಕ್ಕುವುದು.

ನಮ್ಮ ಕಡೆ ನಡೆದು ಬಂದವರನ್ನು “ಏನು, ನಟರಾಜ ಸರ್ವಿಸ್ಸಾ?” ಎಂದು ಕಿಚಾಯಿಸುತ್ತಾರೆ. ಹೌದು, ಅದೇ ಸರ್ವಿಸ್ಸು! ಅದಕ್ಕೆ ಟಿಕೆಟ್ ಇಲ್ಲ, ಮುಷ್ಕರ ಇಲ್ಲ, ಪೆಟ್ರೋಲ್ ದರ ಏರಿದರೂ ಅದು ನಿಲ್ಲುವುದಿಲ್ಲ. ಅದಕ್ಕೆ ಹತ್ತಿ ಎಂದು ಕರೆಯಲು ಬಂದಿದ್ದೇನೆ.

ಮೊದಲು ಒಂದು ಪರೀಕ್ಷೆ. ಇದಕ್ಕೆ ಅಂಕ ಇಲ್ಲ, ಹೆದರಬೇಡಿ. ಒಂದು ಹಾಳೆ ತೆಗೆದುಕೊಂಡು ಮನೆಯಿಂದ ಶಾಲೆಯವರೆಗಿನ ನಕ್ಷೆಯನ್ನು ನೆನಪಿನಿಂದ ಬರೆಯಿರಿ. ದಿನವೂ ವ್ಯಾನಿನಲ್ಲಿ ಹೋಗುವವರಾದರೆ ಮನೆ ಅಂತ ಒಂದು ಚೌಕ, ಶಾಲೆ ಅಂತ ಇನ್ನೊಂದು ಚೌಕ, ನಡುವೆ ಒಂದು ಗೆರೆ ಬಂದೀತು. ಹೆಚ್ಚೆಂದರೆ ಒಂದು ಸಿಗ್ನಲ್ಲು, ಒಂದು ಪೆಟ್ರೋಲ್ ಬಂಕು. ಈಗ ನಡೆದು ಬರುವ ಗೆಳತಿಗೆ ಅದೇ ಹಾಳೆ ಕೊಡಿ. ಅವಳಿಗೆ ಜಾಗ ಸಾಲುವುದಿಲ್ಲ. ಟೈಲರ್ ಅಂಗಡಿ, ಅದರ ಕಟ್ಟೆಯ ಮೇಲೆ ಮಲಗುವ ಮೂರು ಕಾಲಿನ ನಾಯಿ, ಜೂನ್ ಬಂತೆಂದರೆ ನೆಲವೆಲ್ಲ ನೇರಳೆಯಾಗುವ ಮರ, ಮಳೆ ಬಂದರೆ ಮೊಣಕಾಲುದ್ದ ನೀರು ನಿಲ್ಲುವ ತಿರುವು, “ಇವತ್ತು ಲೇಟಾಯ್ತಲ್ಲೇ” ಎಂದು ಕೂಗುವ ಹೂವಿನ ಅಜ್ಜಿ, ಜಗಳವಾಡಿ ಮಾತು ಬಿಟ್ಟ ಜಾಗ, ಮಾರನೇ ದಿನ ಕಡಲೆಮಿಠಾಯಿ ಹಂಚಿಕೊಂಡು ರಾಜಿಯಾದ ಜಾಗ. ಇಬ್ಬರೂ ಒಂದೇ ಊರಿನಲ್ಲಿದ್ದಾರೆ. ಆದರೆ ಊರು ಇರುವುದು ಒಬ್ಬಳ ಬಳಿ ಮಾತ್ರ.

ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ಕೋಶ ಓದಿಸಲು ಶಾಲೆ ಇದೆ, ಟ್ಯೂಷನ್ ಇದೆ, ಈಗ ಮೊಬೈಲಿನಲ್ಲಿ ಆ್ಯಪುಗಳೂ ಇವೆ. ದೇಶ ಸುತ್ತಿಸುವವರು ಯಾರು? ಒಂದು ಲೆಕ್ಕ ಹಾಕೋಣ. ಆರರಿಂದ ಎಂಟನೇ ತರಗತಿಯವರಿಗೆ ವರ್ಷಕ್ಕೆ ಕನಿಷ್ಠ 220 ದಿನ ಶಾಲೆ ನಡೆಯಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ನಿಮ್ಮ ಮನೆ ಒಂದು ಕಿಲೋಮೀಟರ್ ದೂರ ಎಂದಿಟ್ಟುಕೊಳ್ಳಿ. ಹೋಗುತ್ತಾ ಒಂದು, ಬರುತ್ತಾ ಒಂದು. ವರ್ಷಕ್ಕೆ 440 ಕಿಲೋಮೀಟರ್! ಹೆಚ್ಚುಕಡಿಮೆ ಬೆಂಗಳೂರಿನಿಂದ ಧಾರವಾಡಕ್ಕೆ ನಡೆದಷ್ಟು. ಎಂಟನೇ ಕ್ಲಾಸು ಮುಗಿಯುವ ಹೊತ್ತಿಗೆ 1,320 ಕಿಲೋಮೀಟರ್. ಯಾವ ತರಬೇತಿಯೂ ಇಲ್ಲದೆ, ಯಾವ ಶುಲ್ಕವೂ ಇಲ್ಲದೆ, ಹರಟೆ ಹೊಡೆಯುತ್ತಲೇ ಮುಗಿಸಿದ ಯಾತ್ರೆ ಇದು.

ಮೈಗೆ ಇದರಿಂದ ಏನು ಸಿಗುತ್ತದೆ ಎಂದು ವಿಜ್ಞಾನ ಮೇಷ್ಟ್ರನ್ನು ಕೇಳಿದರೆ ಅರ್ಧ ತಾಸು ಹೇಳಿಯಾರು. ನಾನು ಮೂರೇ ಮಾತಿನಲ್ಲಿ ಮುಗಿಸುತ್ತೇನೆ. ಐದರಿಂದ ಹದಿನೇಳು ವಯಸ್ಸಿನವರ ಮೈ ದಿನಕ್ಕೆ ಸರಾಸರಿ 60 ನಿಮಿಷವಾದರೂ ಚುರುಕಾಗಿ ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿರಬಿರನೆ ನಡೆದು ಶಾಲೆಗೆ ಹೋಗಿಬಂದರೆ ಅದರಲ್ಲಿ ಅರ್ಧದಷ್ಟು ಅಲ್ಲೇ ಆಯಿತು, ಉಳಿದರ್ಧಕ್ಕೆ ಸಂಜೆಯ ಆಟವಿದೆ. ಎರಡನೆಯದು ಕಣ್ಣಿನ ಮಾತು. ಚೀನಾದ ಗ್ವಾಂಗ್‌ಝೌ ನಗರದಲ್ಲಿ ಒಂದನೇ ತರಗತಿಯ ಮಕ್ಕಳನ್ನು ಮೂರು ವರ್ಷ ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟು ನೋಡಿದರು. ಹಾಗೆ ಬಿಡದ ಶಾಲೆಗಳಲ್ಲಿ ನೂರಕ್ಕೆ ಸುಮಾರು 40 ಮಕ್ಕಳಿಗೆ ಸಮೀಪದೃಷ್ಟಿ ಬಂತು, ಬಯಲಿಗೆ ಬಿಟ್ಟ ಕಡೆ ಸುಮಾರು 30 ಮಕ್ಕಳಿಗೆ. ಆ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮೂರನೆಯದು ತಲೆಯ ಮಾತು. 2012ರಲ್ಲಿ ಡೆನ್ಮಾರ್ಕಿನಲ್ಲಿ ಸುಮಾರು 20,000 ಮಕ್ಕಳನ್ನು ಪರೀಕ್ಷಿಸಿದಾಗ, ಕಾರಿನಲ್ಲಿ ಬಂದವರಿಗಿಂತ ನಡೆದು ಅಥವಾ ಸೈಕಲ್ ತುಳಿದು ಬಂದವರ ಏಕಾಗ್ರತೆ ಚೆನ್ನಾಗಿತ್ತು. ಮೊದಲನೇ ಪೀರಿಯಡ್ಡಿನ ಗಣಿತದಲ್ಲಿ ಆಕಳಿಸುವವರು ಇದನ್ನು ಗಮನಿಸಬೇಕು!

ಆದರೆ ಲಾಭದ ಲೆಕ್ಕವೊಂದನ್ನೇ ನೋಡಿ ಯಾರೂ ಬಹಳ ದೂರ ನಡೆಯುವುದಿಲ್ಲ. ಇದಕ್ಕಿಂತ ದೊಡ್ಡದೊಂದು ಇದೆ. ದಿನದ ಇಪ್ಪತ್ತನಾಲ್ಕು ತಾಸಿನಲ್ಲಿ ನಿಮ್ಮ ಕೈಯಲ್ಲಿ ಎಷ್ಟು ಹೊತ್ತಿದೆ, ನೆನೆದು ನೋಡಿ. ಮನೆಯಲ್ಲಿ ಅಮ್ಮನ ಮಾತು, ಶಾಲೆಯಲ್ಲಿ ಟೀಚರ ಮಾತು, ಆಮೇಲೆ ಟ್ಯೂಷನ್ನು. ಮನೆಯ ಗೇಟು, ಶಾಲೆಯ ಗೇಟುಗಳ ನಡುವಿನ ಕಾಲು ಗಂಟೆ ಮಾತ್ರ ಪೂರ್ತಿ ನಿಮ್ಮದು. ಯಾವ ಗಲ್ಲಿಯಲ್ಲಿ ಹೋಗಬೇಕು, ಯಾರಿಗಾಗಿ ಕಾಯಬೇಕು, ಲಾರಿ ಹೋಗುವ ತನಕ ನಿಲ್ಲಬೇಕೇ, ಮೋಡ ಕವಿದಿದೆ, ಛತ್ರಿ ತೆಗೆಯಬೇಕೇ, ಈ ಚಿಕ್ಕಪುಟ್ಟ ತೀರ್ಮಾನಗಳನ್ನೆಲ್ಲ ನೀವೇ ಮಾಡುತ್ತೀರಿ. ದಿನಕ್ಕೆ ಹತ್ತಿಪ್ಪತ್ತು ಚಿಕ್ಕ ತೀರ್ಮಾನ ಮಾಡಿ ಪಳಗಿದವರು ಮುಂದೆ ದೊಡ್ಡ ತೀರ್ಮಾನದ ಎದುರು ನಿಂತಾಗ ಯಾರ ಮುಖವನ್ನೂ ನೋಡುವುದಿಲ್ಲ.

ಶಾಲೆಯ ದಾರಿಯನ್ನು ನಡೆದು ಗೆದ್ದವರು ನಮ್ಮಲ್ಲಿ ಇದ್ದಾರೆ. 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾದಾಗ ಅಲ್ಲಿ ಪಾಠ ಹೇಳಿದ ಸಾವಿತ್ರಿಬಾಯಿ ಫುಲೆ ಅವರಿಗೆ ಹದಿನೇಳು ವರ್ಷ. ನಿಮ್ಮ ಪಿಯುಸಿ ಅಕ್ಕನ ವಯಸ್ಸು! ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಾಳೆಂಬ ಸಿಟ್ಟಿಗೆ ಜನ ದಾರಿಯಲ್ಲಿ ಅವರ ಮೇಲೆ ಕೆಸರು ಎರಚಿದರು, ಸಗಣಿ ಎಸೆದರು. ಅವರು ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೊರಟರು. ಶಾಲೆಗೆ ಹೋಗಿ ಸೀರೆ ಬದಲಿಸಿ ಪಾಠ ಮಾಡಿದರು, ಮಾರನೇ ದಿನ ಮತ್ತೆ ಅದೇ ಬೀದಿಯಲ್ಲಿ ನಡೆದರು. ಕೆಸರು ಎರಚಿದವರ ಹೆಸರು ಇವತ್ತು ಯಾರಿಗೂ ಗೊತ್ತಿಲ್ಲ.

ಗೌರಿಬಿದನೂರು ತಾಲೂಕಿನ ಹೊಸೂರಿನ ಒಬ್ಬ ಬಡ ಹುಡುಗ 1935ರಲ್ಲಿ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲು ಸೇರಬೇಕೆಂದು ಹೊರಟ. ಬಸ್ಸಿಗೆ ಕೊಡಲು ಕಾಸಿರಲಿಲ್ಲ. ಎರಡು ದಿನ ನಡೆದ, ಸುಮಾರು ಎಂಬತ್ತು ಕಿಲೋಮೀಟರ್. ಮುಂದೆ ಅದೇ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ, ಪದ್ಮಭೂಷಣ, ಮೂಢನಂಬಿಕೆಗಳನ್ನು ಪ್ರಶ್ನೆ ಮಾಡಿ ಮಾಡಿ ಬೆವರಿಳಿಸಿದ ವಿಜ್ಞಾನಿ ಎಚ್. ನರಸಿಂಹಯ್ಯ ಆತ. ಎಚ್ಚೆನ್ ಎಂದರೆ ನಿಮ್ಮ ತಾತನಿಗೆ ಈಗಲೂ ಗೊತ್ತಿರುತ್ತದೆ, ಕೇಳಿ.

ಅವರಷ್ಟು ಕಷ್ಟ ಪಡಿ ಎಂದು ನಾನು ಹೇಳುತ್ತಿಲ್ಲ. ಕಷ್ಟಕ್ಕೆ ಹಾರ ಹಾಕುವುದು ಬೇಡ. ಈ ಹೊತ್ತಿಗೂ ಮಲೆನಾಡಿನಲ್ಲಿ, ಕರಾವಳಿಯ ಒಳಹಳ್ಳಿಗಳಲ್ಲಿ ಎರಡು ಅಡಿಕೆ ಮರ ಜೋಡಿಸಿದ ಕಾಲುಸಂಕದ ಮೇಲೆ, ಕೆಳಗೆ ಕೆಂಪು ನೀರು ಭೋರ್ಗರೆಯುತ್ತಿರುವಾಗ, ಒಂದು ಕೈಯಲ್ಲಿ ಛತ್ರಿ ಇನ್ನೊಂದು ಕೈಯಲ್ಲಿ ಚಪ್ಪಲಿ ಹಿಡಿದು ದಾಟುವ ಮಕ್ಕಳಿದ್ದಾರೆ. ಜಾರಿ ನೀರುಪಾಲಾದ ಕಂದಮ್ಮಗಳೂ ಇದ್ದಾರೆ. ಆ ದಾರಿಯಲ್ಲಿ ಬರುವ ಗೆಳೆಯರೇ, ನಿಮಗೆ ಯಾರೂ ನಡಿಗೆಯ ಪಾಠ ಹೇಳಬೇಕಿಲ್ಲ. ನಡಿಗೆಯಲ್ಲಿ ನೀವೇ ನಮಗೆಲ್ಲ ಮೇಷ್ಟ್ರು. ನಿಮಗೆ ಹೇಳಬೇಕಾದ್ದು ಬೇರೆ ಇದೆ. ಐದನೇ ತರಗತಿಯವರೆಗೆ ಒಂದು ಕಿಲೋಮೀಟರಿನೊಳಗೆ, ಎಂಟನೆಯವರೆಗೆ ಮೂರು ಕಿಲೋಮೀಟರಿನೊಳಗೆ ಶಾಲೆ ಇರಬೇಕೆಂಬುದು ಕಾನೂನಿನ ಮಾತು. ಇಲ್ಲದಿದ್ದರೆ ವಾಹನದ ವ್ಯವಸ್ಥೆ ಕೇಳುವುದು ಭಿಕ್ಷೆಯಲ್ಲ. ಹಳ್ಳಕ್ಕೆ ಗಟ್ಟಿ ಸೇತುವೆ ಕೇಳುವುದು ತಂಟೆಯಲ್ಲ. ‘ಶಾಲಾ ಸಂಪರ್ಕ ಸೇತು’ ಎಂಬ ಹೆಸರಿನಲ್ಲೇ ಸರ್ಕಾರ ಇಂಥ ಕಿರುಸೇತುವೆಗಳನ್ನು ಕಟ್ಟಿದೆ. ನಿಮ್ಮ ಹಳ್ಳಕ್ಕೆ ಇನ್ನೂ ಬಂದಿಲ್ಲವೆಂದರೆ ದನಿ ಎತ್ತಿ ಕೇಳಿ.

ಈಗ ಊರಿನ ಮಕ್ಕಳ ಕಡೆಗೆ ಬರೋಣ. “ನಡೆದು ಹೋಗ್ತೀನಿ ಅಂದ್ರೆ ಅಮ್ಮ ಬಿಡಲ್ಲ” ಎನ್ನುತ್ತೀರಿ. ಅಮ್ಮನ ಭಯ ಸುಳ್ಳಲ್ಲ, ಅದನ್ನು ಗೇಲಿ ಮಾಡಬೇಡಿ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ ಜನ. ಅವರಲ್ಲಿ 32,000ಕ್ಕೂ ಹೆಚ್ಚು ಮಂದಿ ಪಾದಚಾರಿಗಳು. ಫುಟ್‌ಪಾತ್ ಇರುವ ಕಡೆ ಅದರ ಮೇಲೆ ಬೈಕು, ಇಲ್ಲವೇ ಟ್ರಾನ್ಸ್‌ಫಾರ್ಮರ್ರು. ಆದರೆ ಆ ಭಯ ಏನು ಮಾಡುತ್ತಿದೆ ನೋಡಿ. ರಸ್ತೆಯಲ್ಲಿ ವಾಹನ ಹೆಚ್ಚೆಂದು ಅಪ್ಪ ಸ್ಕೂಟರ್ ತೆಗೆಯುತ್ತಾರೆ. ಆ ಸ್ಕೂಟರಿನಿಂದ ರಸ್ತೆಯಲ್ಲಿ ಇನ್ನೊಂದು ವಾಹನ ಹೆಚ್ಚುತ್ತದೆ. ಅದನ್ನು ನೋಡಿ ಪಕ್ಕದ ಮನೆಯವರು ಕಾರು ತೆಗೆಯುತ್ತಾರೆ. ಕೊನೆಗೆ ಶಾಲೆಯ ಗೇಟಿನ ಮುಂದೆ ಮಕ್ಕಳನ್ನು ಹೆದರಿಸುವ ವಾಹನಗಳು ಮಕ್ಕಳನ್ನೇ ಇಳಿಸಲು ಬಂದವು! ಈ ಗಂಟನ್ನು ದೊಡ್ಡವರು ಬಿಚ್ಚಲಾರರು, ಅವರೇ ಅದರೊಳಗೆ ಸಿಕ್ಕಿಕೊಂಡಿದ್ದಾರೆ. ಬಿಚ್ಚುವ ಬೆರಳು ನಿಮ್ಮದು.

ಬಿಚ್ಚುವ ದಾರಿ ಸುಲಭ: ಒಬ್ಬರೇ ನಡೆಯಬೇಡಿ, ಒಟ್ಟಿಗೆ ನಡೆಯಿರಿ. ಜಪಾನಿನಲ್ಲಿ ಎಷ್ಟೋ ಊರುಗಳಲ್ಲಿ ಒಂದು ಓಣಿಯ ಮಕ್ಕಳೆಲ್ಲ ಬೆಳಗ್ಗೆ ಗೊತ್ತಾದ ಜಾಗದಲ್ಲಿ ಸೇರಿ, ಮುಂದೊಬ್ಬ ದೊಡ್ಡ ಹುಡುಗ, ಹಿಂದೊಬ್ಬಳು ದೊಡ್ಡ ಹುಡುಗಿ, ನಡುವೆ ಹಳದಿ ಟೋಪಿಯ ಪುಟಾಣಿಗಳು, ಹೀಗೆ ಸಾಲಾಗಿ ಶಾಲೆಗೆ ಹೋಗುತ್ತಾರೆ. ಆಸ್ಟ್ರೇಲಿಯಾದ ಡೇವಿಡ್ ಎಂಗ್ವಿಕ್ಟ್ 1990ರ ದಶಕದ ಮೊದಲಲ್ಲಿ ಹೀಗೆ ಒಟ್ಟಾಗಿ ನಡೆಯುವುದಕ್ಕೆ ‘ನಡೆಯುವ ಸ್ಕೂಲ್ ಬಸ್’ ಎಂಬ ಹೆಸರು ಕೊಟ್ಟು ಹಬ್ಬಿಸಿದರು. ಬಸ್ಸಿನಂತೆಯೇ ಅದಕ್ಕೂ ರೂಟ್ ಇದೆ, ಸ್ಟಾಪ್ ಇದೆ, ಟೈಮಿದೆ. ಚಕ್ರ ಮಾತ್ರ ಇಲ್ಲ.

ನಿಮ್ಮ ಬೀದಿಯಲ್ಲೂ ಒಂದು ಬಸ್ ಹೊರಡಿಸಿ. ಮೊದಲು ನಾಲ್ಕೈದು ಜನ ಸೇರಿ. ಒಂದು ಭಾನುವಾರ ಅಪ್ಪನನ್ನೋ ಅಜ್ಜಿಯನ್ನೋ ಕರೆದುಕೊಂಡು ದಾರಿಯನ್ನು ಪೂರ್ತಿ ನಡೆದು ನೋಡಿ. ಹತ್ತಿರದ ದಾರಿಗಿಂತ ವಾಹನ ಕಡಿಮೆ ಇರುವ ದಾರಿ ಮೇಲು, ಎರಡು ನಿಮಿಷ ಹೆಚ್ಚಾದರೂ ಚಿಂತೆಯಿಲ್ಲ. ಎಲ್ಲಿ ರಸ್ತೆ ದಾಟಬೇಕೆಂದು ಗೊತ್ತು ಮಾಡಿಕೊಳ್ಳಿ. ಎಂಟು, ಒಂಬತ್ತನೇ ಕ್ಲಾಸಿನವರು ಮುಂದೆ ಮತ್ತು ಹಿಂದೆ, ಚಿಕ್ಕವರು ನಡುವೆ. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನ ಕಣ್ಣಿಗೆ ಕಾಣುವ ಹಾಗೆ ಸಾಲಾಗಿ ನಡೆಯಿರಿ. ನಿಂತ ಬಸ್ಸಿನ ಮುಂದಿನಿಂದಲೋ ಹಿಂದಿನಿಂದಲೋ ದಿಢೀರನೆ ದಾಟಬೇಡಿ. ಕಿವಿಗೆ ಇಯರ್‌ಫೋನ್ ಬೇಡ. ನಾಯಿ ಬೊಗಳಿದರೆ ಓಡಬೇಡಿ, ನಿಂತು ನಿಧಾನವಾಗಿ ಸರಿಯಿರಿ. ಮಳೆಗಾಲದಲ್ಲಿ ನೀರು ನಿಂತ ಕಡೆ ಕಾಲಿಡಬೇಡಿ, ಕೆಳಗೆ ಬಾಯಿ ತೆರೆದ ಮೋರಿ ಇರಬಹುದು. ಕರೆಂಟ್ ಕಂಬ ಮುಟ್ಟಬೇಡಿ. ಯಾರಾದರೂ ಹಿಂದೆ ಬಿದ್ದರೆ, ಕೆಟ್ಟ ಮಾತಾಡಿದರೆ, ಗೊತ್ತಿರುವ ಅಂಗಡಿಗೆ ನುಗ್ಗಿ ಜೋರಾಗಿ ಹೇಳಿ. ಮಕ್ಕಳ ಸಹಾಯವಾಣಿ 1098, ಪೊಲೀಸರಿಗೆ 112. ಈ ಎರಡು ನಂಬರುಗಳು ಮಗ್ಗಿಯಂತೆ ಬಾಯಿಗೆ ಬರಲಿ. ದಿನವೂ ಒಂದೇ ಹೊತ್ತಿಗೆ ಹತ್ತು ಮಕ್ಕಳು ಹೋಗುವ ಬೀದಿಯಲ್ಲಿ ಕಿರಾಣಿ ಅಂಗಡಿಯವರಿಗೂ ಹಾಲಿನವರಿಗೂ ನಿಮ್ಮ ಮುಖ ಗೊತ್ತಾಗುತ್ತದೆ. ಒಂದು ದಿನ ಒಬ್ಬಳು ಕಾಣದಿದ್ದರೆ “ಎಲ್ಲಿ ಆ ಪುಟ್ಟಿ?” ಎಂದು ಅವರೇ ವಿಚಾರಿಸುತ್ತಾರೆ. ಯಾವ ಸಿಸಿಟಿವಿಯೂ ಹೀಗೆ ಕೇಳುವುದಿಲ್ಲ.

ಬ್ಯಾಗು ಭಾರವೇ? ಅದಕ್ಕೂ ಆದೇಶವಿದೆ. 2019ರ ಕರ್ನಾಟಕ ಸರ್ಕಾರದ ಸುತ್ತೋಲೆಯ ಪ್ರಕಾರ ಮೂರರಿಂದ ಐದನೇ ತರಗತಿಯವರ ಬ್ಯಾಗು 2ರಿಂದ 3 ಕಿಲೋ, ಆರರಿಂದ ಎಂಟರವರದು 3ರಿಂದ 4 ಕಿಲೋ, ಒಂಬತ್ತು ಹತ್ತರವರದು 4ರಿಂದ 5 ಕಿಲೋ ದಾಟಬಾರದು. ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿ, ಹೆಚ್ಚಿದ್ದರೆ ಹೆಡ್‌ಮಾಸ್ಟರಿಗೆ ವಿನಯದಿಂದ ಲೆಕ್ಕ ಒಪ್ಪಿಸಿ.

ಇನ್ನು ಒಂಬತ್ತು, ಹತ್ತನೇ ಕ್ಲಾಸಿನ ವೀರರಿಗೆ ಒಂದು ಮಾತು. ಮೀಸೆ ಚಿಗುರುವ ಮೊದಲೇ ಅಣ್ಣನ ಬೈಕು, ಅಮ್ಮನ ಸ್ಕೂಟಿ ಎತ್ತಿಕೊಂಡು ಟ್ಯೂಷನ್ನಿಗೆ ಹೊರಡುತ್ತೀರಲ್ಲ, 2019ರ ತಿದ್ದುಪಡಿಯ ನಂತರ ಅದಕ್ಕೆ ಅಪ್ಪನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ನಿಮಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ಆಕ್ಸಿಲರೇಟರ್ ತಿರುಗಿಸುವುದು ಯಾವ ಶೌರ್ಯ? ಎರಡನೇ ಕ್ಲಾಸಿನ ಪಕ್ಕದ ಮನೆ ಹುಡುಗನನ್ನು ಕೈಹಿಡಿದು ಸರ್ಕಲ್ ದಾಟಿಸಿ ನೋಡಿ. ಅವನ ಕಣ್ಣಿಗೆ ನೀವೇ ಹೀರೊ!

ನಡೆಯಲು ಶುರು ಮಾಡಿದ ಮೇಲೆ ದಾರಿಯ ಕೊರತೆಗಳೆಲ್ಲ ಎದ್ದು ಕಾಣುತ್ತವೆ. ಅವುಗಳನ್ನು ಕಂಡೂ ಕಾಣದ ಹಾಗೆ ದಾಟಿ ಹೋಗಬೇಡಿ. ಜಾಮಿಟ್ರಿ ಬಾಕ್ಸಿನ ಸ್ಕೇಲು ಸಾಲದು, ಟೈಲರ್ ಹತ್ತಿರ ಟೇಪ್ ಕೇಳಿ ತನ್ನಿ. ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಗಲದ ತೆರವಾದ ಜಾಗ ಇರಬೇಕು, ಅದು ರಸ್ತೆಯಿಂದ 15 ಸೆಂಟಿಮೀಟರಿಗಿಂತ ಎತ್ತರ ಇರಬಾರದು ಎಂಬುದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ. ಅಳೆಯಿರಿ, ಬರೆದುಕೊಳ್ಳಿ. ಎಲ್ಲಿ ಚಪ್ಪಡಿ ಒಡೆದಿದೆ, ಎಲ್ಲಿ ಜೀಬ್ರಾ ಪಟ್ಟೆ ಅಳಿಸಿಹೋಗಿದೆ, ಎಲ್ಲಿ ಹಂಪ್ ಬೇಕು ಎಂದು ಪಟ್ಟಿ ಮಾಡಿ. ಕೆಳಗೆ ಎಲ್ಲರೂ ಸಹಿ ಹಾಕಿ ಪುರಸಭೆಗೋ ಪಾಲಿಕೆಗೋ ಕೊಡಿ. ಹಳ್ಳಿಯಲ್ಲಾದರೆ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು, ಪಂಚಾಯಿತಿ ಅಧ್ಯಕ್ಷರೂ ಪಿಡಿಒ ಅವರೂ ನಿಮ್ಮ ಮಾತು ಕೇಳಲೇಬೇಕಾದ ದಿನ ಅದು. ಸ್ವಾಗತಗೀತೆ ಹಾಡಿ ಬಂದುಬಿಡಬೇಡಿ, ಪಟ್ಟಿ ಓದಿ ಬನ್ನಿ. ನಿಮ್ಮ ಬೆನ್ನಿಗೆ ದೇಶದ ದೊಡ್ಡ ಕೋರ್ಟೇ ಇದೆ. ಅಡೆತಡೆಯಿಲ್ಲದ ಫುಟ್‌ಪಾತಿನಲ್ಲಿ ನಡೆಯುವುದು ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿನ ಭಾಗ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕೇಳಿದರೆ ಆಗುತ್ತದೆಯೇ ಎಂಬ ಅನುಮಾನವೇ? ಇವತ್ತು ಮಕ್ಕಳು ತಾವೇ ಸೈಕಲ್ ತುಳಿದು ಶಾಲೆಗೆ ಹೋಗುವ ದೇಶವೆಂದು ಜಗತ್ತೆಲ್ಲ ಹೊಗಳುವ ನೆದರ್ಲೆಂಡ್ಸ್ ಒಂದು ಕಾಲಕ್ಕೆ ಹಾಗಿರಲಿಲ್ಲ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಹಾಗೆ ಕಳೆದುಕೊಂಡ ಒಬ್ಬ ಪತ್ರಕರ್ತ ಮರುವರ್ಷ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಬರೆದ. ಜನ ಬೀದಿಗಿಳಿದರು. ಮಕ್ಕಳೂ ಇಳಿದರು. ವಾಹನ ತಡೆದು ಬೀದಿಯ ನಡುವೆಯೇ ಆಟವಾಡಿದರು. ಸರ್ಕಾರ ಕಿವಿಗೊಟ್ಟಿತು, ರಸ್ತೆಗಳು ಬದಲಾದವು. ಒಳ್ಳೆಯ ರಸ್ತೆ ಬಂದ ಮೇಲೆ ನಡೆಯೋಣ ಎಂದು ಕಾದು ಕೂತಿದ್ದರೆ ಅವರು ಇನ್ನೂ ಕಾಯುತ್ತಲೇ ಇರುತ್ತಿದ್ದರು. ನಡೆಯುವವರು ಕಣ್ಣಿಗೆ ಬಿದ್ದರೆ ಮಾತ್ರ ನಡೆಯುವವರಿಗಾಗಿ ರಸ್ತೆ ಕಟ್ಟುತ್ತಾರೆ. ಖಾಲಿ ಫುಟ್‌ಪಾತ್ ಬೈಕಿನ ಪಾಲಾಗುತ್ತದೆ, ಮಕ್ಕಳು ತುಂಬಿದ ಫುಟ್‌ಪಾತಿಗೆ ಬೈಕು ಹತ್ತಿಸಲು ಎಂಥವನೂ ಹಿಂದೆಮುಂದೆ ನೋಡುತ್ತಾನೆ.

ಹಾಗಾದರೆ ಯಾವಾಗ ಶುರು? ಒಳ್ಳೆಯ ಮುಹೂರ್ತ ನಮ್ಮ ಸರ್ಕಾರವೇ ಇಟ್ಟುಕೊಟ್ಟಿದೆ. ತಿಂಗಳ ಮೂರನೇ ಶನಿವಾರ ‘ಸಂಭ್ರಮ ಶನಿವಾರ’, ಬ್ಯಾಗಿಲ್ಲದ ದಿನ. ಹೆಗಲು ಖಾಲಿ, ಕೈ ಖಾಲಿ. ಅವತ್ತು ಹೊರಡಿ. ನಿಮ್ಮ ಶಾಲೆಯಲ್ಲಿ ಆ ಪದ್ಧತಿ ಇಲ್ಲವೆಂದರೆ ಯಾವ ಶನಿವಾರವೂ ಆದೀತು, ಬೆಳಗಿನ ಶಾಲೆ, ಬಿಸಿಲಿಲ್ಲ. ಮೊದಲ ವಾರ ಒಂದು ದಿನ, ಮುಂದಿನ ವಾರ ಎರಡು ದಿನ. ಮನೆ ಆರೇಳು ಕಿಲೋಮೀಟರ್ ದೂರ ಇರುವವರು ವ್ಯಾನಿನ ಅಣ್ಣನಿಗೆ ಹೇಳಿ, ದಾರಿ ಚೆನ್ನಾಗಿರುವ ಕಡೆ ಅರ್ಧ ಕಿಲೋಮೀಟರ್ ಮೊದಲೇ ಒಟ್ಟಾಗಿ ಇಳಿದುಕೊಳ್ಳಿ. ಗೇಟಿನ ಮುಂದಿನ ಗದ್ದಲವೂ ಅಷ್ಟು ಕಡಿಮೆಯಾಗುತ್ತದೆ. ನಡೆಯಲಾಗದ ಗೆಳೆಯನಿದ್ದಾನೆಯೇ? ಅವನ ಗಾಲಿಕುರ್ಚಿ ಸರಾಗವಾಗಿ ಹೋಗುವ ದಾರಿಯೇ ನಿಮ್ಮ ಬಸ್ಸಿನ ರೂಟ್ ಆಗಲಿ. ಎಲ್ಲಿ ಹೋಗುವುದಿಲ್ಲವೋ ಅದು ನಿಮ್ಮ ಪಟ್ಟಿಯ ಮೊದಲನೇ ಸಾಲಾಗಲಿ.

ಇವತ್ತು ರಾತ್ರಿ ಊಟಕ್ಕೆ ಕೂತಾಗಲೇ ವಿಷಯ ಎತ್ತಿ. “ಅಪ್ಪಾ, ನಾವು ಐದು ಜನ ಸೇರಿದ್ದೀವಿ, ದಾರಿ ನೋಡಿ ಆಗಿದೆ, ಹೊರಡೋ ಟೈಮು ಎಂಟೂ ಮುಕ್ಕಾಲು, ಮೊದಲ ಎರಡು ದಿನ ನೀನೂ ಜೊತೆಗೆ ಬಾ” ಎಂದು ಲೆಕ್ಕಾಚಾರದೊಂದಿಗೆ ಹೇಳಿ. ಹಟಕ್ಕೆ ಬಗ್ಗದ ಅಪ್ಪಂದಿರು ತಯಾರಿಗೆ ಬಗ್ಗುತ್ತಾರೆ. ಒಪ್ಪಿದ ಮೇಲೆ ಒಂದು ದಿನವೂ ಹಿಂದೆ ಸರಿಯಬೇಡಿ. ಶೂ ಲೇಸ್ ಬಿಗಿಯಾಗಿ ಕಟ್ಟಿ, ಪಕ್ಕದ ಮನೆಯ ಬಾಗಿಲು ಬಡಿದು ಕೂಗಿ, ಐವರಿಂದ ಹತ್ತಾಗಿ, ಹತ್ತರಿಂದ ಇಪ್ಪತ್ತಾಗಿ ರಸ್ತೆಗಿಳಿಯಿರಿ. ನಿಮ್ಮ ಊರು ನಿಮಗೆ ದಾರಿ ಬಿಡುವುದನ್ನು ಕಲಿಯಬೇಕಾಗಿದೆ. ಅದಕ್ಕೆ ಪಾಠ ಹೇಳಬೇಕಾದವರು ನೀವು, ಹೊರಡಿ!